ಫೈನಲ್ ಇಯರ್ ಪ್ರಾಜೆಕ್ಟ್ ನಡೆಸುವುದು ಹೇಗೆ? ಹೊಸ ಗೈಡ್‌ಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಇಂಜಿನಿಯರಿಂಗ್ ಕಾಲೇಜಿಗೆ ಪಾಠ ಮಾಡಲು ಸೇರಿದವರಿಗೆ ಸಿಲಬಸ್ ಕೊಡುತ್ತಾರೆ, ಟೈಮ್ ಟೇಬಲ್ ಕೊಡುತ್ತಾರೆ, ಲೆಸನ್ ಪ್ಲಾನ್ ಕೇಳುತ್ತಾರೆ. ಪ್ರಾಜೆಕ್ಟ್ ವಿಷಯಕ್ಕೆ ಬಂದಾಗ ಮಾತ್ರ ಒಂದು ಲಿಸ್ಟ್ ಕೈಗೆ ಬರುತ್ತದೆ: 'ಈ ನಾಲ್ಕು ಬ್ಯಾಚ್ ನಿಮ್ಮವು.' ಅಷ್ಟೇ. ಹೇಗೆ ಗೈಡ್ ಮಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ನಮ್ಮ ಗೈಡ್ ನಮಗೆ ಏನು ಮಾಡಿದ್ದರೋ ಅದನ್ನೇ ನಾವೂ ಮಾಡುತ್ತೇವೆ, ಅಂದರೆ ಬಹಳ ಸಲ ಏನೂ ಮಾಡುವುದಿಲ್ಲ.

ಇನ್ನೊಂದು ಕಡೆ ರೆಡಿಮೇಡ್ ಪ್ರಾಜೆಕ್ಟ್ ಅಂಗಡಿಗಳಿವೆ. ಬೆಂಗಳೂರಿನಲ್ಲಿ 'ಐಇಇಇ ಪ್ರಾಜೆಕ್ಟ್ಸ್' ಅನ್ನುವ ಬೋರ್ಡು ನೋಡದವರು ಕಡಿಮೆ. ದುಡ್ಡು ಕೊಟ್ಟರೆ ಮಾಡೆಲ್, ಕೋಡ್, ರಿಪೋರ್ಟ್, ಪಿಪಿಟಿ ಎಲ್ಲ ಸಿಗುತ್ತದೆ, ವೈವಾದಲ್ಲಿ ಏನು ಹೇಳಬೇಕು ಅಂತ ಒಂದು ಕ್ಲಾಸೂ ತೆಗೆದುಕೊಳ್ಳುತ್ತಾರೆ. ಹುಡುಗರನ್ನು ಬೈದು ಪ್ರಯೋಜನ ಇಲ್ಲ. ಕೊನೇ ದಿನ ಟೇಬಲ್ ಮೇಲೆ ಎಲ್‌ಇಡಿ ಮಿಣುಕಿದರೆ ಮಾರ್ಕ್ಸ್ ಸಿಗುತ್ತದೆ ಅಂತಾದರೆ, ಮಿಣುಕುವ ಎಲ್‌ಇಡಿಯನ್ನು ಕೊಂಡು ತರುವವನೇ ಜಾಣ ಅಲ್ವಾ? ಹಾಗಾಗಿ ಕೆಳಗಿನ ಹಂತಗಳೆಲ್ಲ ಒಂದೇ ಮಾತಿನ ಸುತ್ತ ಇವೆ: ಮಾರ್ಕ್ಸನ್ನು ಮಾಡೆಲ್ಲಿಗೆ ಕೊಡಬೇಡಿ, ಹುಡುಗರು ತೆಗೆದುಕೊಂಡ ತೀರ್ಮಾನಗಳಿಗೆ ಕೊಡಿ. ಮಾಡೆಲ್ ಅಂಗಡಿಯಲ್ಲಿ ಸಿಗುತ್ತದೆ. ವಾರವಾರವೂ ತೆಗೆದುಕೊಂಡ ತೀರ್ಮಾನಗಳು, ಅವುಗಳ ಹಿಂದಿನ ಕಾರಣಗಳು ಅಲ್ಲಿ ಸಿಗುವುದಿಲ್ಲ.

ಹಂತ 1: ವೈವಾದಿಂದ ಹಿಂದಕ್ಕೆ ಲೆಕ್ಕ ಹಾಕಿ

ಮೊದಲು ನಿಮ್ಮ ಸ್ಕೀಮ್, ಅಂದರೆ ಯಾವ ಸೆಮಿಸ್ಟರಿನಲ್ಲಿ ಏನಿದೆ ಅನ್ನುವ ಪಠ್ಯಕ್ರಮದ ಪಟ್ಟಿ, ನೋಡಿಕೊಳ್ಳಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮಿನಲ್ಲಿ ಪ್ರಾಜೆಕ್ಟಿನ ಮೊದಲ ಫೇಸ್ ಏಳನೇ ಸೆಮಿಸ್ಟರಿನಲ್ಲೂ ಎರಡನೆಯದು ಎಂಟರಲ್ಲೂ ಇತ್ತು. 2022ರ ಸ್ಕೀಮಿನಲ್ಲಿ ಅದು ಆರು ಮತ್ತು ಏಳಕ್ಕೆ ಬಂದಿದೆ. ಅಟಾನಮಸ್ ಕಾಲೇಜುಗಳದ್ದು ಅವರವರ ಲೆಕ್ಕ. ಆರನೇ ಸೆಮ್‌ನ ಹುಡುಗರಿಗೆ ಎಂಟನೇ ಸೆಮ್‌ನವರಷ್ಟು ವಿಷಯ ಗೊತ್ತಿರುವುದಿಲ್ಲ, ಆದ್ದರಿಂದ ಹಳೇ ಪಿಪಿಟಿ ಟೆಂಪ್ಲೇಟನ್ನೇ ತೆಗೆದು ಅವರ ಮುಂದೆ ಇಡಬೇಡಿ.

ಕ್ಯಾಲೆಂಡರಿನಲ್ಲಿ ಹದಿನೈದು ಹದಿನಾರು ವಾರ ಕಾಣುತ್ತದೆ. ಇಂಟರ್ನಲ್ಸ್, ಲ್ಯಾಬ್ ಪರೀಕ್ಷೆ, ಫೆಸ್ಟು, ಹಬ್ಬ, ಪ್ಲೇಸ್‌ಮೆಂಟ್ ಡ್ರೈವ್ ಎಲ್ಲ ಕಳೆದರೆ ಕೈಗೆ ಸಿಗುವುದು ಹತ್ತು ವಾರ ಅಂತಲೇ ಇಟ್ಟುಕೊಳ್ಳಿ. ವೈವಾ ದಿನದಿಂದ ಹಿಂದಕ್ಕೆ ಬನ್ನಿ: ಬೈಂಡಿಂಗಿಗೆ ಒಂದು ವಾರ, ಟೆಸ್ಟಿಂಗಿಗೆ ಎರಡು ವಾರ, ಅದಕ್ಕೂ ಮೊದಲು 'ಇನ್ನು ಹೊಸದೇನೂ ಸೇರಿಸುವಂತಿಲ್ಲ' ಅನ್ನುವ ಒಂದು ದಿನ. ಈ ಕೊನೆಯ ದಿನಾಂಕವನ್ನು ನೋಟಿಸ್ ಬೋರ್ಡಿಗೇ ಹಾಕಿ. ಇಲ್ಲದಿದ್ದರೆ ಹಿಂದಿನ ರಾತ್ರಿಯೂ ಯಾರೋ ಒಬ್ಬ ಮೊಬೈಲ್ ಆ್ಯಪ್ ಸೇರಿಸುತ್ತಿರುತ್ತಾನೆ.

ದುಡ್ಡಿನ ವಿಷಯವನ್ನೂ ಇಲ್ಲೇ ಯೋಚಿಸಿ. ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಸಣ್ಣ ಮೊತ್ತದ ನೆರವು ಕೊಡುತ್ತಾ ಬಂದಿದೆ. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು. ಮೊತ್ತಕ್ಕಿಂತಲೂ ಉಪಯೋಗದ್ದು ಅಲ್ಲಿನ ಮಧ್ಯಂತರ ಮೌಲ್ಯಮಾಪನ: ಹೊರಗಿನವರೊಬ್ಬರು ಬಂದು ನೋಡುತ್ತಾರೆ ಅಂದರೆ ಹುಡುಗರ ಮೈಯಲ್ಲಿ ಚುರುಕು ತಾನಾಗಿ ಬರುತ್ತದೆ.

ಹಂತ 2: ಬ್ಯಾಚ್ ಮಾಡುವಾಗ ಅರ್ಧ ಅವರದ್ದು, ಅರ್ಧ ನಿಮ್ಮದು

ಪೂರ್ತಿ ಅವರ ಇಷ್ಟಕ್ಕೆ ಬಿಟ್ಟರೆ ನಾಲ್ಕು ಟಾಪರ್‌ಗಳು ಒಂದು ಕಡೆ ಸೇರುತ್ತಾರೆ, ಯಾರಿಗೂ ಬೇಡವಾದ ನಾಲ್ವರು ಕೊನೆಗೆ ಉಳಿಯುತ್ತಾರೆ. ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಪ್ರಕಾರ ನೀವೇ ಹಂಚಿದರೆ ಮೊದಲ ವಾರದಿಂದಲೇ ಮುನಿಸು. ನನಗೆ ಸರಿ ಕಂಡ ದಾರಿ ಅಂದರೆ, ಜೋಡಿಯನ್ನು ಅವರು ಆರಿಸಿಕೊಳ್ಳಲಿ, ಎರಡು ಜೋಡಿ ಸೇರಿಸಿ ನಾಲ್ವರ ಬ್ಯಾಚ್ ಮಾಡುವುದು ನೀವು. ಪ್ರತಿಯೊಬ್ಬರಿಗೂ ಒಬ್ಬ ಗೆಳೆಯನಾದರೂ ಇರುತ್ತಾನೆ, ಗುಂಪುಗಾರಿಕೆಯೂ ಆಗುವುದಿಲ್ಲ.

ಮೊದಲ ಭೇಟಿಯಲ್ಲೇ ಒಂದು ಪುಟದ ಒಪ್ಪಂದ ಬರೆಸಿ. ಯಾವಾಗ ಸೇರುತ್ತೀರಿ, ಎಲ್ಲಿ, ಒಬ್ಬರು ಕೆಲಸ ಮಾಡದಿದ್ದರೆ ಮೊದಲು ಏನು ಮಾಡುತ್ತೀರಿ, ಯಾವ ಹಂತದಲ್ಲಿ ನನ್ನ ಹತ್ತಿರ ಬರುತ್ತೀರಿ. 'ಎಲ್ಲಿ, ಯಾವಾಗ' ಅನ್ನುವುದು ಸಣ್ಣ ವಿಷಯ ಅಂದುಕೊಳ್ಳಬೇಡಿ. ರಾತ್ರಿ ಒಂಬತ್ತಕ್ಕೆ ಯಾರದ್ದೋ ಪಿಜಿಯಲ್ಲಿ ಕೂತು ಕೆಲಸ ಮಾಡುವ ಬ್ಯಾಚಿನಲ್ಲಿ, ಹಾಸ್ಟೆಲ್ ಗೇಟು ಮುಚ್ಚುವ ಹುಡುಗಿಗೂ ಸಂಜೆ ಐದೂವರೆಯ ಕೊನೇ ಬಸ್ಸು ಹಿಡಿಯುವ ಹುಡುಗನಿಗೂ ಜಾಗ ಇರುವುದಿಲ್ಲ, ಆಮೇಲೆ 'ಅವರು ಏನೂ ಮಾಡಲಿಲ್ಲ ಸರ್' ಅಂತ ದೂರು ಬೇರೆ ಬರುತ್ತದೆ. ಕಾಲೇಜಿನ ಹೊತ್ತಿನಲ್ಲೇ ಲ್ಯಾಬಿನ ಒಂದು ಮೂಲೆಯನ್ನು ಬ್ಯಾಚಿಗೆ ಕೊಡಿಸಿ.

ಕೆಲಸ ಹಂಚಿಕೊಳ್ಳುವ ಮಾಮೂಲಿ ರೀತಿ ನಿಮಗೂ ಗೊತ್ತಿದೆ: ಒಬ್ಬ ಕೋಡ್, ಒಬ್ಬಳು ರಿಪೋರ್ಟ್, ಒಬ್ಬ ಪಿಪಿಟಿ, ಇನ್ನೊಬ್ಬ ಖರ್ಚಿಗೆ ದುಡ್ಡು. 'ರಿಪೋರ್ಟ್ ಮಾತ್ರ ಬರೆಯುವವರು' ಅನ್ನುವ ಹುದ್ದೆಯನ್ನೇ ರದ್ದು ಮಾಡಿ. ಯಾರು ಕೆಲಸ ಮಾಡುತ್ತಾರೋ ಆ ಭಾಗವನ್ನು ಅವರೇ ಬರೆಯಬೇಕು.

ಹಂತ 3: ಟೈಟಲ್ ಬೇಡ, ಮೊದಲು ಸಮಸ್ಯೆ ನೋಡಿ ಬನ್ನಿ

ಇಡೀ ಪ್ರಾಜೆಕ್ಟ್ ಕೆಡುವುದು ಇಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಹುಡುಗರು ಮೊದಲ ದಿನವೇ ಟೈಟಲ್ ಹಿಡಿದುಕೊಂಡು ಬರುತ್ತಾರೆ. 'ಸ್ಮಾರ್ಟ್' ಅಂತ ಶುರುವಾಗಿ 'ಯೂಸಿಂಗ್ ಐಒಟಿ' (ಸಾಧನಗಳನ್ನು ಇಂಟರ್ನೆಟ್ಟಿಗೆ ಜೋಡಿಸುವುದು) ಅಂತಲೋ 'ಯೂಸಿಂಗ್ ಮೆಷಿನ್ ಲರ್ನಿಂಗ್' ಅಂತಲೋ ಮುಗಿಯುತ್ತದೆ, ನಡುವೆ ಕೃಷಿ, ಪಾರ್ಕಿಂಗ್, ಹೆಲ್ಮೆಟ್, ಡಸ್ಟ್‌ಬಿನ್ ಏನಾದರೂ ಇರಬಹುದು. ಉತ್ತರ ಮೊದಲೇ ಸಿದ್ಧ, ಪ್ರಶ್ನೆಯನ್ನು ಆಮೇಲೆ ಹುಡುಕುತ್ತಾರೆ. ಮೂರನೇ ವಾರದವರೆಗೆ ಟೈಟಲ್ ತೆಗೆದುಕೊಳ್ಳುವುದಿಲ್ಲ ಅಂತ ಹೇಳಿಬಿಡಿ. ಅದರ ಬದಲು ಮೂರು ವಿಷಯ ಕೇಳಿ: ಇದು ಯಾರ ತೊಂದರೆ, ಅವರು ಈಗ ಏನು ಮಾಡುತ್ತಿದ್ದಾರೆ, ಅದರಲ್ಲಿ ಎಲ್ಲಿ ನಷ್ಟ ಆಗುತ್ತಿದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ, ಇದನ್ನೇ ಮುಂದೂ ಬಳಸುತ್ತೇನೆ. ಪುತ್ತೂರಿನ ಕಡೆಯ ಹುಡುಗನಿರುವ ಒಂದು ಬ್ಯಾಚ್ 'ಸ್ಮಾರ್ಟ್ ಅಡಿಕೆ ಡ್ರೈಯರ್' ಅಂತ ಬರುತ್ತದೆ ಅಂದುಕೊಳ್ಳಿ. ಹೀಟರ್, ಫ್ಯಾನ್, ಹ್ಯುಮಿಡಿಟಿ ಸೆನ್ಸರ್, ಆ್ಯಪ್, ಎಲ್ಲ ಚಿತ್ರದಲ್ಲಿದೆ. ಅವರನ್ನು ಊರಿಗೆ ಕಳಿಸಿ. ಚಾಲಿ ಅಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಹರಡಿ ಒಂದು ತಿಂಗಳಿಗೂ ಜಾಸ್ತಿ ಬಿಸಿಲಿಗೆ ಒಣಗಿಸುತ್ತಾರೆ. ಬಿಸಿಲಿಗೆ ದುಡ್ಡು ಕೊಡಬೇಕಿಲ್ಲ. ಒಣಗುವುದು ನಿಧಾನ ಅನ್ನುವುದು ಮನೆಯವರಿಗೆ ದೊಡ್ಡ ಚಿಂತೆಯೇ ಅಲ್ಲ. ಚಿಂತೆ ಇರುವುದು ಅಕಾಲದ ಮಳೆಯದ್ದು. ಮೋಡ ಕಟ್ಟಿ ಮೊದಲ ಹನಿ ಬಿದ್ದ ಮೇಲೆ ಅಡಿಕೆ ಗುಡ್ಡೆ ಮಾಡಿ ಟರ್ಪಾಲು ಹಾಕಬೇಕು, ಮನೆಯಲ್ಲಿರುವುದು ವಯಸ್ಸಾದ ಇಬ್ಬರು, ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಒದ್ದೆಯಾದದ್ದು ಬೂಸ್ಟು ಹಿಡಿದರೆ ಚಾಲಿಯ ರೇಟು ಹೋಗಿ ಕೆಳದರ್ಜೆಯ ಪಟೋರದ ರೇಟಿಗೆ ಇಳಿಯುತ್ತದೆ. ಈಗ ಸಮಸ್ಯೆ 'ಒಣಗಿಸುವುದು' ಅಲ್ಲ, 'ಮೊದಲ ಹನಿಯಿಂದ ಮುಚ್ಚುವವರೆಗಿನ ಕೆಲವು ನಿಮಿಷ'. ಡ್ರೈಯರ್ ಚಿತ್ರ ಹರಿದು ಹಾಕಬೇಕಾಗುತ್ತದೆ. ಹುಡುಗರಿಗೆ ಬೇಜಾರಾಗುತ್ತದೆ, ಆಗಲಿ. ಆ ಹರಿದ ಚಿತ್ರವೇ ಅವರ ಮೊದಲ ತೀರ್ಮಾನ, ಅದಕ್ಕೂ ಮಾರ್ಕ್ಸ್ ಇದೆ ಅಂತ ಹೇಳಿ.

ಊರಿಗೇ ಹೋಗಬೇಕೆಂದಿಲ್ಲ. ಕಾಲೇಜಿನ ಕ್ಯಾಂಟೀನ್, ಪಕ್ಕದ ಗ್ಯಾರೇಜ್, ವರ್ಕ್‌ಶಾಪ್ ಮೇಸ್ತ್ರಿ, ತಾಲೂಕು ಆಸ್ಪತ್ರೆಯ ಸಾಲು, ಎಲ್ಲೂ ಸಿಗುತ್ತದೆ. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನ ಸಮಸ್ಯೆಗಳ ಪಟ್ಟಿಯೂ ಇದೆ, ಆದರೆ ಅದನ್ನು ಕಣ್ಣಾರೆ ನೋಡಲು ಆಗುವಂತಿದ್ದರೆ ಮಾತ್ರ ಒಪ್ಪಿ.

ಹಂತ 4: 'ಬೇಗ', 'ಸುಲಭ', 'ಅಗ್ಗ' ಅನ್ನುವ ಪದಗಳನ್ನು ಅಂಕಿ ಮಾಡಿಸಿ

ಒಂದು ಕೋಷ್ಟಕ ಬರೆಸಿ. ಮೂರು ಕಾಲಂ ಸಾಕು: ಏನು ಬೇಕು, ಎಷ್ಟು ಬೇಕು, ಅದನ್ನು ಹೇಗೆ ಅಳೆಯುತ್ತೀರಿ. ಮೂರನೆಯದು ಖಾಲಿ ಇದ್ದರೆ ಮೊದಲನೆಯದನ್ನು ಹೊಡೆದುಹಾಕಿ.

ಅಡಿಕೆ ಅಂಗಳಕ್ಕೆ ಹೀಗಿರಬಹುದು: ಆರು ಮೀಟರ್ ಉದ್ದ, ಐದು ಮೀಟರ್ ಅಗಲದ ಅಂಗಳ ಮೂರು ನಿಮಿಷದೊಳಗೆ ಮುಚ್ಚಬೇಕು, ಸ್ಟಾಪ್‌ವಾಚ್ ಹಿಡಿದು ನೋಡುತ್ತೇವೆ. ಅರವತ್ತೈದು ವರ್ಷದ ಒಬ್ಬರೇ ನಿಭಾಯಿಸಬೇಕು, ಎಳೆಯಲು ಬೇಕಾದ ಬಲವನ್ನು ತೂಕದ ಕೊಕ್ಕೆಯಲ್ಲಿ ಅಳೆಯುತ್ತೇವೆ. ಕರೆಂಟ್ ಇಲ್ಲದಾಗಲೂ ನಡೆಯಬೇಕು. ಈ ಕೊನೆಯದನ್ನು ಹುಡುಗರು ತಾವಾಗಿ ಬರೆಯುವುದು ಅಪರೂಪ; ಮಳೆ ಬಂದಾಗಲೇ ಕರೆಂಟ್ ಹೋಗುವುದು ಅಂತ ಮನೆಯ ಅಜ್ಜಿ ಹೇಳಿರುತ್ತಾರೆ, ಇವರು ಬರೆದುಕೊಂಡಿರುವುದಿಲ್ಲ. ಲ್ಯಾಬಿನಲ್ಲಿ ಯುಪಿಎಸ್ ಇರುತ್ತದಲ್ಲ! ಈ ಒಂದು ಸಾಲು ಸೇರಿದ ಕೂಡಲೇ ಅರ್ಧ ಡಿಸೈನ್ ಬದಲಾಗುತ್ತದೆ.

ಹಂತ 5: ಕನಿಷ್ಠ ನಾಲ್ಕು ದಾರಿ, ಅದರಲ್ಲಿ ಒಂದು ಈಗಿರುವುದೇ

ಬ್ರಿಟಿಷ್ ಇಂಜಿನಿಯರ್ ಸ್ಟುವರ್ಟ್ ಪ್ಯೂ ಬಳಕೆಗೆ ತಂದ ಒಂದು ಸರಳ ಕೋಷ್ಟಕ ಇದೆ. ಈಗ ನಡೆಯುತ್ತಿರುವ ಪದ್ಧತಿಯನ್ನು ಅಳತೆಗೋಲಾಗಿ ಇಟ್ಟುಕೊಂಡು, ಉಳಿದ ಪ್ರತಿಯೊಂದು ದಾರಿಯೂ ಒಂದೊಂದು ಬೇಡಿಕೆಯಲ್ಲಿ ಅದಕ್ಕಿಂತ ಮೇಲೋ, ಕೆಳಗೋ, ಸಮವೋ ಅಂತ ಪ್ಲಸ್, ಮೈನಸ್, ಸೊನ್ನೆ ಹಾಕುವುದು. ನಮ್ಮ ಉದಾಹರಣೆಯಲ್ಲಿ ಅಳತೆಗೋಲು ಕೈಯಿಂದ ಹಾಕುವ ಟರ್ಪಾಲು. ಅದರ ಎದುರಿಗೆ ಮೋಟಾರ್ ರೋಲರ್, ಬಾವಿ ರಾಟೆ ತರಹ ಕೈಯಲ್ಲಿ ತಿರುಗಿಸುವ ರೋಲರ್, ಬ್ಯಾಟರಿ ಮೋಟಾರಿನ ಜೊತೆ ಕೈ ಹಿಡಿಕೆಯೂ ಇರುವ ರೋಲರ್, ಅಂಗಳಕ್ಕೇ ಪಾರದರ್ಶಕ ಶೀಟಿನ ಮಾಡು.

ಎಚ್ಚರ ಬೇಕಾದದ್ದು ಒಂದೇ. ಮನಸ್ಸಿನಲ್ಲಿ ಒಂದನ್ನು ಮೊದಲೇ ಆರಿಸಿಕೊಂಡು ಕೋಷ್ಟಕವನ್ನು ಅದಕ್ಕೆ ತಕ್ಕಂತೆ ತುಂಬುತ್ತಾರೆ. ಕಂಡುಹಿಡಿಯುವುದು ಸುಲಭ: ಗೆದ್ದ ಕಾಲಂನಲ್ಲಿ ಒಂದೂ ಮೈನಸ್ ಇರುವುದಿಲ್ಲ. 'ಇದರಲ್ಲಿ ಕೆಟ್ಟದ್ದು ಏನಪ್ಪಾ?' ಅಂತ ಕೇಳಿ. ಉತ್ತರ ಇಲ್ಲ ಅಂದರೆ ವಾಪಸ್ ಕಳಿಸಿ.

ಕೈ ರೋಲರೇ ಗೆದ್ದುಬಿಟ್ಟರೆ ಇನ್ನೊಂದು ಗಾಬರಿ ಶುರುವಾಗುತ್ತದೆ. 'ಸರ್, ಇದರಲ್ಲಿ ಐಒಟಿ ಇಲ್ವಲ್ಲ, ಎಕ್ಸ್‌ಟರ್ನಲ್ ಮಾರ್ಕ್ಸ್ ಕೊಡ್ತಾರಾ?' ಮೆಕ್ಯಾನಿಕಲ್ ಬ್ಯಾಚಾದರೆ ಧೈರ್ಯ ಹೇಳಿ: ಟಾರ್ಕ್, ಗಾಳಿಯ ಒತ್ತಡ, ಬಟ್ಟೆಯ ಎಳೆತ, ಬೇರಿಂಗ್ ಆಯ್ಕೆ, ಇಷ್ಟು ಲೆಕ್ಕ ಸರಿಯಾಗಿ ಇದ್ದರೆ ಯಾವ ಎಕ್ಸಾಮಿನರೂ ಸುಮ್ನೆ ಕಡಿಮೆ ಕೊಡುವುದಿಲ್ಲ. ಎಲೆಕ್ಟ್ರಾನಿಕ್ಸ್ ಬ್ಯಾಚಾದರೆ ಬ್ಯಾಟರಿ ಮೋಟಾರ್ ಜೊತೆಗೆ ಹಿಡಿಕೆ ಇರುವ ದಾರಿ ಹಿಡಿಯಲಿ, ಕಾಲೇಜು ಒಪ್ಪಿದರೆ ಎರಡೂ ಬ್ರಾಂಚಿನವರನ್ನು ಸೇರಿಸಿ ಒಂದು ಬ್ಯಾಚ್ ಮಾಡಿ. ಸುಮ್ಮನೆ ಸೆನ್ಸರ್ ಅಂಟಿಸುವುದಕ್ಕೆ ಮಾತ್ರ ಒಪ್ಪಬೇಡಿ.

ಹಂತ 6: ಸಾಮಾನು ತರಿಸಿ, ಬೇಗ ಜೋಡಿಸಿ

ಎಸ್‌.ಪಿ. ರೋಡಿಗೆ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆ) ಹೋಗುವ ಮೊದಲು ಪಟ್ಟಿ ನಿಮಗೆ ತೋರಿಸಲಿ. ಅಗ್ಗದ ಬಿಡಿಭಾಗಗಳನ್ನು ಎರಡೆರಡು ತರಲಿ, ಒಂದು ಸುಟ್ಟೇ ಸುಡುತ್ತದೆ. ಬಿಲ್ ಇಟ್ಟುಕೊಳ್ಳಲಿ.

ಒಂದೊಂದು ಭಾಗವನ್ನೂ ಚೆನ್ನಾಗಿ ಮುಗಿಸಿ ಕೊನೆಗೆ ಜೋಡಿಸೋಣ ಅನ್ನುವ ಪ್ಲಾನ್ ನೋಡಲು ಚೆಂದ, ನಡೆಯುವುದಿಲ್ಲ. ಸೆನ್ಸರಿನಿಂದ ಮೋಟಾರಿನವರೆಗೆ ಎಲ್ಲವೂ ಕೆಟ್ಟದಾಗಿಯಾದರೂ ಒಟ್ಟಿಗೆ ನಡೆಯುವ ಒಂದು ಆವೃತ್ತಿ ಎರಡನೇ ಫೇಸಿನ ನಾಲ್ಕನೇ ವಾರಕ್ಕೆ ಇರಬೇಕು.

ಯಾಕೆ ಅಂದರೆ ಇಂಥದ್ದು ಬರುತ್ತದೆ. ಇಎಸ್‌ಪಿ32 (ವೈಫೈ ಇರುವ ಸಣ್ಣ ಕಂಟ್ರೋಲರ್) ಬೋರ್ಡಿನ 25ನೇ ಪಿನ್ನಿಗೆ ಮಳೆ ಸೆನ್ಸರ್ ಹಾಕಿದ್ದಾರೆ, ರೀಡಿಂಗ್ ಚೆನ್ನಾಗಿ ಬರುತ್ತಿದೆ. ಮೊಬೈಲಿಗೆ ಮೆಸೇಜ್ ಕಳಿಸುವ ಕೋಡ್ ಸೇರಿಸಿದ ಕೂಡಲೇ ರೀಡಿಂಗ್ ಕೆಟ್ಟುಹೋಗುತ್ತದೆ. ಸೆನ್ಸರ್ ಬದಲಾಯಿಸುತ್ತಾರೆ, ಬೋರ್ಡ್ ಬದಲಾಯಿಸುತ್ತಾರೆ, ವೈರ್ ಬದಲಾಯಿಸುತ್ತಾರೆ. ಕಾರಣ ಇಷ್ಟೇ: ಆ ಚಿಪ್ಪಿನಲ್ಲಿ ವೈಫೈ ನಡೆಯುವಾಗ ಎಡಿಸಿ2ಕ್ಕೆ (ಅನಲಾಗ್ ಸಿಗ್ನಲನ್ನು ಅಂಕಿ ಮಾಡುವ ಎರಡು ಘಟಕಗಳಲ್ಲಿ ಎರಡನೆಯದು) ಸೇರಿದ ಪಿನ್ನುಗಳಲ್ಲಿ ಅನಲಾಗ್ ರೀಡಿಂಗ್ ತೆಗೆಯಲು ಆಗುವುದಿಲ್ಲ. 32ರಿಂದ 39ರವರೆಗಿನ ಎಡಿಸಿ1 ಪಿನ್ನುಗಳಲ್ಲಿ ಒಂದಕ್ಕೆ ಬದಲಾಯಿಸಿದರೆ ಮುಗಿಯಿತು. ನಿಮಗೆ ಉತ್ತರ ಗೊತ್ತಿದ್ದರೂ ಕೂಡಲೇ ಹೇಳಬೇಡಿ. 'ಮೊದಲು ನಡೆಯುತ್ತಿತ್ತು, ಈಗ ನಡೆಯುತ್ತಿಲ್ಲ. ನಡುವೆ ಏನೇನು ಬದಲಾಯಿಸಿದಿರಿ? ಒಂದೊಂದೇ ಹಿಂದಕ್ಕೆ ತೆಗೆಯಿರಿ' ಅನ್ನಿ. ಒಂದು ವಾರ ಬಿಟ್ಟೂ ಸಿಗದಿದ್ದರೆ ಡೇಟಾಶೀಟಿನ ಪುಟ ತೆರೆದು ಮುಂದಿಡಿ, ಅದಕ್ಕಿಂತ ಜಾಸ್ತಿ ಒದ್ದಾಡಿಸುವುದೂ ಬೇಡ.

ಇನ್ನೊಂದು, ಅಗ್ಗದ ಮಳೆ ಸೆನ್ಸರಿನ ಹಲಗೆಗೆ ಸದಾ ವೋಲ್ಟೇಜ್ ಕೊಟ್ಟೇ ಇಟ್ಟರೆ ಒದ್ದೆಯಾದಾಗಲೆಲ್ಲ ಅದರ ಗೆರೆಗಳು ಸವೆಯುತ್ತಾ ಹೋಗುತ್ತವೆ. ರೀಡಿಂಗ್ ತೆಗೆಯುವ ಕ್ಷಣಕ್ಕೆ ಮಾತ್ರ ಪವರ್ ಕೊಟ್ಟರೆ ಬಾಳಿಕೆ ಬರುತ್ತದೆ. ಅಂಗಡಿಯಿಂದ ತಂದ ಪ್ರಾಜೆಕ್ಟಿನಲ್ಲಿ ಈ ಮಾತು ಬರುವುದೇ ಇಲ್ಲ, ಯಾಕೆಂದರೆ ಅದನ್ನು ಯಾರೂ ಒಂದು ದಿನಕ್ಕಿಂತ ಹೆಚ್ಚು ಓಡಿಸಿರುವುದಿಲ್ಲ.

ಹಂತ 7: ವಾರಕ್ಕೆ ಇಪ್ಪತ್ತು ನಿಮಿಷ, ಒಂದು ಪುಟ

ಪ್ರಾಜೆಕ್ಟ್ ಡೈರಿ ಎಲ್ಲ ಕಾಲೇಜಿನಲ್ಲೂ ಇದೆ. ಎಲ್ಲ ಕಾಲೇಜಿನಲ್ಲೂ ಅದನ್ನು ಸಬ್ಮಿಶನ್ನಿನ ಹಿಂದಿನ ರಾತ್ರಿ, ನಾಲ್ಕು ಬೇರೆ ಬೇರೆ ಪೆನ್ನಿನಲ್ಲಿ, ಒಂದೇ ಕೂರಿಕೆಯಲ್ಲಿ ತುಂಬುತ್ತಾರೆ. ಗೈಡ್ ಒಂದೇ ಸಲಕ್ಕೆ ಹದಿನೈದು ಸಹಿ ಹಾಕುತ್ತಾರೆ. ನೀವು ಅದೇ ದಿನ ಸಹಿ ಹಾಕಿ, ಆ ಪುಟದ ಫೋಟೋ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ. ಕೋಡ್ ಇದ್ದರೆ ಗಿಟ್‌ಹಬ್‌ನಲ್ಲಿರಲಿ, ಯಾರು ಯಾವತ್ತು ಏನು ಬರೆದರು ಅನ್ನುವುದು ಅಲ್ಲಿ ತಾನಾಗಿ ಉಳಿಯುತ್ತದೆ.

ಪುಟದಲ್ಲಿ 'ಕೋಡಿಂಗ್ ಮಾಡಿದೆವು' ಅಂತ ಬರೆದರೆ ಒಪ್ಪಬೇಡಿ. ಈ ವಾರ ಏನು ತೀರ್ಮಾನಿಸಿದಿರಿ, ಯಾಕೆ, ಏನನ್ನು ಬಿಟ್ಟಿರಿ, ಇಷ್ಟು ಇರಬೇಕು. 'ಕಾಟನ್ ಕ್ಯಾನ್ವಾಸ್ ಬಿಟ್ಟು ಪ್ಲಾಸ್ಟಿಕ್ ಟರ್ಪಾಲಿಗೆ ಬಂದೆವು, ಒದ್ದೆಯಾದ ಕ್ಯಾನ್ವಾಸಿನ ತೂಕಕ್ಕೆ ಮೋಟಾರ್ ನಿಂತುಹೋಯಿತು.' ಇಂಥ ಎರಡು ಸಾಲು ಹತ್ತು ಪುಟದ ಲಿಟರೇಚರ್ ಸರ್ವೆಗಿಂತ ಮೇಲು.

ಇಪ್ಪತ್ತು ನಿಮಿಷದಲ್ಲಿ ನೀವು ಮಾತಾಡುವುದು ಐದು ನಿಮಿಷ ಮೀರಬಾರದು. ಇದು ಮೇಷ್ಟ್ರುಗಳಿಗೆ ಕಷ್ಟ, ಗೊತ್ತು.

ಹಂತ 8: ರಿವ್ಯೂ ಮತ್ತು ಮಾರ್ಕ್ಸ್

ರಿವ್ಯೂಗೆ ಹತ್ತು ಸ್ಲೈಡ್ ಸಾಕು, 'ಇಂಟ್ರೊಡಕ್ಷನ್' ಸ್ಲೈಡ್ ಬೇಡವೇ ಬೇಡ. ಯಾವ ಸ್ಲೈಡನ್ನು ಯಾರು ಹೇಳಬೇಕು ಅನ್ನುವುದನ್ನು ಪ್ಯಾನೆಲ್ ಅಲ್ಲೇ ನಿರ್ಧರಿಸಲಿ. ಮೊದಲ ರಿವ್ಯೂನಲ್ಲಿ ಗೊಂದಲ ಆಗುತ್ತದೆ, ಎರಡನೆಯದಕ್ಕೆ ನಾಲ್ವರೂ ಎಲ್ಲವನ್ನೂ ಓದಿಕೊಂಡು ಬರುತ್ತಾರೆ.

ಇಂಟರ್ನಲ್ ನೂರು ಮಾರ್ಕ್ಸನ್ನು ನಾನು ಹೀಗೆ ಹಂಚುವ ಪರ: ಸಮಸ್ಯೆ ಮತ್ತು ಅಂಕಿಗಳಿಗೆ 20, ಆಯ್ಕೆಗಳು ಮತ್ತು ತೀರ್ಮಾನಗಳಿಗೆ 25, ಕಟ್ಟಿದ ಕೆಲಸಕ್ಕೆ 20, ಟೆಸ್ಟಿಂಗಿಗೆ 20, ವ್ಯಕ್ತಿಗತವಾಗಿ 15. ಮಾಡೆಲ್ ಕೊನೇ ದಿನ ಓಡದಿದ್ದರೂ, ಯಾಕೆ ಓಡಲಿಲ್ಲ ಅಂತ ಅಳತೆ ಸಮೇತ ತೋರಿಸಿದ ಬ್ಯಾಚಿಗೆ 75 ಬರಬಹುದು. ಚೆಂದ ಓಡಿದ, ಆದರೆ ಏನೂ ವಿವರಿಸಲಾಗದ ಬ್ಯಾಚಿಗೆ 40 ದಾಟುವುದು ಕಷ್ಟ. ಇದನ್ನು ಮೊದಲ ವಾರವೇ ಪ್ರಿಂಟ್ ಮಾಡಿ ಕೊಡಿ. ಕೊನೆಗೆ ಹೇಳಿದರೆ ಅದು ಶಿಕ್ಷೆ ಅಂತ ಅನಿಸುತ್ತದೆ.

ಒಬ್ಬರಿಗೊಬ್ಬರು ಮಾರ್ಕ್ಸ್ ಕೊಡುವ ಪದ್ಧತಿಗೆ ಪರ್ಡ್ಯೂ ವಿಶ್ವವಿದ್ಯಾಲಯದ ಕ್ಯಾಟ್‌ಮಿ ಅನ್ನುವ ಆನ್‌ಲೈನ್ ಸಾಧನ ಇದೆ, ಒಂದು ಹಾಳೆಯಲ್ಲೂ ಆಗುತ್ತದೆ. ತೊಂದರೆ ಏನೆಂದರೆ ನಮ್ಮ ಹುಡುಗರು ಎಲ್ಲರಿಗೂ ಸಮ ಹಾಕಿ ಕೊಡುತ್ತಾರೆ, ಗೆಳೆಯನ ಮಾರ್ಕ್ಸ್ ಕತ್ತರಿಸಲು ಯಾರಿಗೂ ಮನಸ್ಸಿಲ್ಲ. ಆದ್ದರಿಂದ ಅಂಕಿ ಕೇಳಬೇಡಿ. 'ಈ ತಿಂಗಳು ಇವನು ಮಾಡಿದ ಒಂದು ಕೆಲಸ ಬರೆ' ಅಂತ ಕೇಳಿ, ಒಬ್ಬೊಬ್ಬರಿಂದ ಬೇರೆ ಬೇರೆಯಾಗಿ. ಮೂವರೂ ಒಬ್ಬನ ಬಗ್ಗೆ 'ಸಪೋರ್ಟ್ ಮಾಡಿದ' ಅಂತ ಬರೆದರೆ ನಿಮಗೆ ಬೇಕಾದ್ದು ಸಿಕ್ಕಿದ ಹಾಗೆ. ಅವನನ್ನು ಒಬ್ಬನನ್ನೇ ಕರೆದು ಮಾತಾಡಿ. ಮನೆಯ ತೊಂದರೆ, ಬ್ಯಾಕ್‌ಲಾಗ್, ಪಾರ್ಟ್ ಟೈಮ್ ಕೆಲಸ, ಏನಾದರೂ ಇರಬಹುದು.

ಹಂತ 9: ಕೊಂಡು ತಂದದ್ದು, ಎಐ ಬರೆದದ್ದು

ಡ್ರಿಲ್‌ಬಿಟ್, ಟರ್ನಿಟಿನ್ ತರಹದ ನಕಲು ಹಿಡಿಯುವ ಸಾಫ್ಟ್‌ವೇರ್‌ಗಳು ರಿಪೋರ್ಟಿನ ಪದಗಳನ್ನು ನೋಡುತ್ತವೆ, ಕೆಲಸ ಯಾರದ್ದು ಅಂತ ಹೇಳುವುದಿಲ್ಲ. ಚಾಟ್‌ಜಿಪಿಟಿಯಿಂದ ಕೋಡ್ ಬರೆಸಿದರೆ ಬೇಡ ಅನ್ನುವುದರಲ್ಲಿ ಅರ್ಥವೂ ಇಲ್ಲ, ಎಲ್ಲಿ ಬಳಸಿದರು ಅಂತ ಡೈರಿಯಲ್ಲಿರಲಿ. ಪರೀಕ್ಷೆ ಸುಲಭ: ಎದುರಿಗೇ ಒಂದು ಬದಲಾವಣೆ ಮಾಡಿಸಿ. 'ಹತ್ತು ಸೆಕೆಂಡ್ ಸತತ ಒದ್ದೆ ಇದ್ದರೆ ಮಾತ್ರ ಮೋಟಾರ್ ಶುರುವಾಗಲಿ, ಒಂದು ಹನಿಗೆ ಬೇಡ.' ತಮ್ಮ ಕೋಡ್ ಗೊತ್ತಿದ್ದವರು ಹದಿನೈದು ನಿಮಿಷದಲ್ಲಿ ಮಾಡುತ್ತಾರೆ, ಗೊತ್ತಿಲ್ಲದವರಿಗೆ ಯಾವ ಫೈಲ್ ತೆರೆಯಬೇಕು ಅಂತಲೂ ತಿಳಿಯುವುದಿಲ್ಲ.

ಕೊಂಡದ್ದು ಅಂತ ಗೊತ್ತಾದರೆ ಎಲ್ಲರೆದುರು ಮರ್ಯಾದೆ ಕಳೆಯಬೇಡಿ. ರೂಮಿಗೆ ಕರೆಯಿರಿ, ಬಾಗಿಲು ಹಾಕಿ ಕೇಳಿ. ಮೊದಲ ಫೇಸಿನಲ್ಲೇ ಸಿಕ್ಕಿಬಿದ್ದರೆ ವಾಪಸ್ ಬರುವ ದಾರಿ ಕೊಡಿ: ಅದನ್ನು ಬದಿಗಿಟ್ಟು, ಸಣ್ಣದಾದರೂ ಸ್ವಂತದ್ದು. ಕೊನೇ ವಾರದಲ್ಲಿ ಸಿಕ್ಕಿದರೆ ಹೆಚ್‌ಒಡಿ ಗಮನಕ್ಕೆ ತಂದು ನಿಯಮದ ಪ್ರಕಾರ ಹೋಗಬೇಕು, ಬೇರೆ ದಾರಿ ಇಲ್ಲ.

ಹಂತ 10: ಟೆಸ್ಟಿಂಗ್, ರಿಪೋರ್ಟ್, ಫೈಲು

ನಾಲ್ಕನೇ ಹಂತದ ಕೋಷ್ಟಕಕ್ಕೆ ನಾಲ್ಕನೇ ಕಾಲಂ ಸೇರಿಸಿ: ನಿಜವಾಗಿ ಎಷ್ಟು ಬಂತು. ಮೂರು ನಿಮಿಷ ಅಂದಿದ್ದರು, ನಾಲ್ಕೂವರೆ ಬಂತು ಅಂದರೆ ಹಾಗೇ ಬರೆಯಲಿ. ಒಂದೇ ಸಲ ಅಳೆದು ಬರೆಯುವುದು ಬೇಡ, ಗಾಳಿ ಇದ್ದಾಗ, ಇಲ್ಲದಾಗ, ಬ್ಯಾಟರಿ ಇಳಿದಾಗ, ಪೈಪಿನಲ್ಲಿ ನೀರು ಹನಿಸಿ. ಸಾಧ್ಯವಾದರೆ ಆ ಅಂಗಳದ ಮನೆಯವರೇ ಒಮ್ಮೆ ತಿರುಗಿಸಿ ನೋಡಲಿ.

ಡೈರಿ ಸರಿಯಾಗಿದ್ದರೆ ರಿಪೋರ್ಟ್ ಅರ್ಧ ಬರೆದಾಗಿದೆ. ಉಳಿದದ್ದು ಫಾರ್ಮ್ಯಾಟ್.

ಇನ್ನು ಎನ್‌ಬಿಎ, ಅಂದರೆ ಕೋರ್ಸುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯ ಫೈಲು. ಭಾರತ 2014ರಲ್ಲಿ, ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಅಕಾರ್ಡ್‌ನ ಖಾಯಂ ಸದಸ್ಯ ಆದಮೇಲೆ ಸಿಒ, ಪಿಒ ಮ್ಯಾಪಿಂಗ್ (ಒಂದೊಂದು ವಿಷಯದ ಕಲಿಕೆಯ ಗುರಿಗಳನ್ನು ಇಡೀ ಪದವಿಯ ಗುರಿಗಳಿಗೆ ಜೋಡಿಸುವುದು) ನಮ್ಮ ದಿನಚರಿಯೇ ಆಗಿದೆ. ಟೀಮ್ ವರ್ಕ್, ಸಂವಹನ, ಪ್ರಾಜೆಕ್ಟ್ ನಿರ್ವಹಣೆ ಮತ್ತು ಹಣಕಾಸು ಇವಕ್ಕೆ ಪುರಾವೆ ಬೇಕು ಅಂತ ಕೇಳುತ್ತಾರೆ. ಹೊಸದಾಗಿ ಏನನ್ನೂ ಸೃಷ್ಟಿಸಬೇಡಿ: ಒಪ್ಪಂದದ ಹಾಳೆ, ಬಿಲ್ಲುಗಳು, ಪ್ಯೂ ಕೋಷ್ಟಕ, ಡೈರಿಯ ಫೋಟೋಗಳು, ರಿವ್ಯೂ ಮಾರ್ಕ್ಸ್ ಶೀಟು, ಇವೇ ಪುರಾವೆ.

ವೈವಾ ಮುಗಿದ ದಿನವೇ ಮಾಡೆಲ್ ವಾಪಸ್ ತೆಗೆದುಕೊಂಡು ಹೋಗುವ ಆತುರ ಹುಡುಗರಿಗೆ, ಇಎಸ್‌ಪಿ32 ಮತ್ತು ಬ್ಯಾಟರಿ ಬಿಚ್ಚಿಕೊಳ್ಳುವ ಆಸೆ ಬೇರೆ. ಬಿಚ್ಚಲಿ, ಆದರೆ ಅದಕ್ಕೂ ಮೊದಲು ಮೂರು ವಿಷಯ ಇಸಿದುಕೊಳ್ಳಿ: ಕೋಡಿನ ಲಿಂಕು, ಸರ್ಕ್ಯೂಟಿನ ಚಿತ್ರ, ಮತ್ತು 'ಮುಂದಿನವರು ಇದನ್ನು ತೆಗೆದುಕೊಂಡರೆ ಏನು ಮಾಡಬೇಕು, ಏನು ಮಾಡಬಾರದು' ಅಂತ ಅವರೇ ಬರೆದ ಒಂದು ಪುಟ. ಕೀಲಿಯಿರುವ ಬೀರುವಿನಲ್ಲಿ ಬೈಂಡ್ ಮಾಡಿದ ರಿಪೋರ್ಟಿನೊಳಗೆ ಆ ಪುಟವನ್ನು ಸೇರಿಸಿ ಇಡಬೇಡಿ. ಹೊಸ ಬ್ಯಾಚುಗಳು ಬಂದ ಮೊದಲ ದಿನ ಓದಲು ಕೈಗೆ ಕೊಡಿ, ಅವರಲ್ಲಿ ಯಾರಾದರೂ ಆ ರೋಲರನ್ನೇ ಮುಂದುವರಿಸುತ್ತೇವೆ ಅಂದರೆ 'ಇದು ಹಳೇ ಟಾಪಿಕ್' ಅಂತ ತಳ್ಳಿಹಾಕದೆ ಒಪ್ಪಿಕೊಳ್ಳಿ.